ತಾರೀಖು, ವೇಳೆ ಮತ್ತು ಶಿವರಂಜನಿಯ ಮದುವೆ

ಚಂದಾಪುರದ ಸಭಾಭವನ ಮಂಜೂರಾತಿ ಕಚೇರಿಯಲ್ಲಿ ತಾರೀಖು ಕೊಡುವ ಶಾಖೆ ಬೇರೆ, ವೇಳೆ ಕೊಡುವ ಶಾಖೆ ಬೇರೆ. ಎರಡೂ ಒಬ್ಬರ ಕೈಗೆ ಸಿಕ್ಕರೆ ಅವರು ಕೆಲಸ ಮುಗಿಸಿಯೇ ಬಿಡುವ ಅಪಾಯವಿರುವುದರಿಂದ ಈ ಏರ್ಪಾಡು.

ಆ ಕಚೇರಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಶಿವರಂಜನಿಯ ಮದುವೆ ನಿಶ್ಚಯವಾಗಿತ್ತು; ಆಕೆಯೂ ಭವನಕ್ಕೆ ಅರ್ಜಿ ಹಾಕಿದಳು. ತಾರೀಖು ಶಾಖೆಯ ಗುರುಲಿಂಗಯ್ಯನವರು ಬರುವ ಗುರುವಾರವನ್ನು ಮಂಜೂರು ಮಾಡಿದರು. ವೇಳೆ ಶಾಖೆಯ ಮುಕ್ರಮ ಸಾಹೇಬರು ಹನ್ನೊಂದೂವರೆಯನ್ನು ದಯಪಾಲಿಸಿದರು. ಆ ಹನ್ನೊಂದೂವರೆ ಆ ಗುರುವಾರದ್ದೇ ಎಂದು ಹೇಳುವ ಅಧಿಕಾರ ಮಾತ್ರ ಇಬ್ಬರಿಗೂ ಇರಲಿಲ್ಲ. ಎರಡೂ ಕೂಡದಿದ್ದರೆ ಭವನ ಚಿಮ್ಮನಚೋಡದ ಬೇರೆ ಬೀಗರ ಪಾಲು. ಹುಡುಗಿ ಇಬ್ಬರನ್ನೂ ಒಂದೆಡೆ ಕೂರಿಸಿದಳು.

"ಕಂಪ್ಯೂಟರಿನ ಫಂಕ್ಷನಲ್ ಭಾಷಾದಾಗ ಒಂದು ಸೂತ್ರ ಬರೀತೀನ್ರಿ," ಎಂದಳು. "ತಾರೀಖು, ವೇಳೆ ಎರಡೂ ಕೊಟ್ರ ಕೂಡಿಸಿ ಒಂದು ಮುಹೂರ್ತ ಕೊಡ್ತದ."

"ನನ್ನ ತಾರೀಖ್ ಏನಾರ ಕೆಡ್ತದೇನು?" ಗುರುಲಿಂಗಯ್ಯನವರಿಗೆ ಆತಂಕ.

"ಇಲ್ರಿ. ಈ ಭಾಷಾದಾಗ ಕೊಟ್ಟಿದ್ದನ್ನ ತಿದ್ದಂಗಿಲ್ಲ, ಅಳಸಂಗಿಲ್ಲ. ತಾರೀಖು ಇದ್ದಂಗೇ ಇರ್ತದ, ವೇಳೆ ಇದ್ದಂಗೇ ಇರ್ತದ. ಮೂರನೇದು ಹೊಸಾದು ಹುಟ್ತದ."

ಮುಕ್ರಮ ಸಾಹೇಬರ ಮುಖ ಅರಳಿತು. "ಅಂದ್ರ ಮೂರೂ ಚಾಲೂನೇ ಅವ?"

"ಹೌದ್ರಿ," ಎಂದಳು ಪಾಪ.

ಇಲ್ಲಿ ಒಂದು ನಿಯಮ ಹೇಳಬೇಕು. ಮಂಜೂರಾದ ಪ್ರತಿ ಸಮಾರಂಭಕ್ಕೂ ಅಧಿಕಾರಿಗಳು ಖುದ್ದು ಹೋಗಿ, ಪಂಕ್ತಿಯಲ್ಲಿ ಕುಳಿತು, ಹುಗ್ಗಿ-ತುಪ್ಪದ ಸ್ಥಳಪರಿಶೀಲನೆ ಮಾಡತಕ್ಕದ್ದು. ಈವರೆಗೆ ಇದನ್ನು ಉಲ್ಲಂಘಿಸಿದವರಿಲ್ಲ.

ಸಂಜೆಗೆ ಪ್ರಕಟಣೆ ಗೋಡೆಗೇರಿತು: "ಶಿವರಂಜನಿ ಹಾಗೂ ಶಾಂತಕುಮಾರ ಇವರ ವಿವಾಹವು ಗುರುವಾರ ಹನ್ನೊಂದೂವರೆಗೆ ಜರುಗುವುದು. ವೇಳೆಯಿಲ್ಲದ ತಾರೀಖು ಸಹ ಊರ್ಜಿತವಿರುವುದರಿಂದ ಗುರುವಾರ ದಿನವಿಡೀ ಜರುಗುವುದು. ತಾರೀಖಿಲ್ಲದ ವೇಳೆ ಸಹ ಊರ್ಜಿತವಿರುವುದರಿಂದ ಎಲ್ಲಾ ದಿನಗಳಂದು ಹನ್ನೊಂದೂವರೆಗೆ ಜರುಗತಕ್ಕದ್ದು."

ಆಕೆ ಗಾಬರಿಯಿಂದ ಶಾಂತಕುಮಾರನಿಗೆ ಫೋನ್ ಹಚ್ಚಿದಳು. ಅವನು ಸೇಡಂನಲ್ಲಿ ಮಾಸ್ತರ, ತಣ್ಣನೆಯ ಮನುಷ್ಯ.

"ಗುರುವಾರ ಮದುವಿ ಆಗ್ತದೋ ಇಲ್ಲೋ?" ಎಂದು ಕೇಳಿದ.

"ಆಗ್ತದ."

"ಮತ್ತೇನ್ ಬೇಕ? ಸುಮ್ನಿರು."

ಗುರುವಾರ ಮದುವೆ ಭಾಳ ಚೆಂದ ಆಯಿತು. ಹಗಲೆಲ್ಲ ಆಯಿತು. ಅಕ್ಷತೆ ಎಸೆದೆಸೆದು ಬೀಗರ ತೋಳು ನೋಯತೊಡಗಿದವು. ಶುಕ್ರವಾರ ಹನ್ನೊಂದೂವರೆಗೆ ಇಬ್ಬರೂ ಅಧಿಕಾರಿಗಳು ಹಸಿದು ಬಂದು ಎಲೆಯ ಮುಂದೆ ಕುಳಿತಿದ್ದರು. ಶನಿವಾರವೂ ಅಷ್ಟೇ. ಶಾಂತಕುಮಾರ ಭವನಕ್ಕೆ ಹತ್ತಿರವೆಂದು ಚಿಂಚೋಳಿಗೆ ವರ್ಗ ಮಾಡಿಸಿಕೊಂಡ. ದಿನಾ ಮದುವೆಯಿದೆ ಎಂಬ ಕಾರಣವನ್ನು ಮೇಲಿನವರು ಸಹಾನುಭೂತಿಯಿಂದ ಒಪ್ಪಿದರು. ಬಾಜಾ ಕೇಳಿದೊಡನೆ ಚಂದಾಪುರದ ಅಂಗಡಿಯವರು ಗಡಿಯಾರ ಸರಿ ಮಾಡಿಕೊಳ್ಳತೊಡಗಿದರು.

ಮೊನ್ನೆ ಶಿವರಂಜನಿ ಮಗಳ ತೊಟ್ಟಿಲ ಕಾರ್ಯಕ್ಕೆ ಅದೇ ಭವನ ಕೇಳಿದಳು. ತಾರೀಖು ಸಿಕ್ಕಿತು. ಹನ್ನೊಂದೂವರೆ ಸಿಗಲಿಲ್ಲ.

"ಆ ಹೊತ್ತಿಗಿ ಭವನ ಖಾಲಿ ಇಲ್ಲವ್ವ," ಎಂದರು ಮುಕ್ರಮ ಸಾಹೇಬರು, "ಯಾರದೋ ಮದುವಿ ಅದ."

ಶಿವರಂಜನಿ ಕೂಸನ್ನು ಹೆಗಲಿಗೆ ಸರಿಸಿಕೊಂಡಳು. "ಗೊತ್ತದ್ರಿ. ಹನ್ನೆರಡೂವರಿ ಕೊಡ್ರಿ, ಅಷ್ಟರಾಗ ಮದುವಿ ಮುಗಿಸ್ಕೊಂಡು ಬರ್ತೀವಿ."