ಇಟ್ಟ ಅಳಿಯನೂ ಇಟಾಲಿಯನ್ ಕಲ್ಲೂ

ತಾಂಡೂರಿನಲ್ಲಿ ಕೂತಲ್ಲೇ ಕೂತು ಇಟಲಿ ದೇಶವನ್ನು ಸೋಲಿಸಿದ ಮನುಷ್ಯರೊಬ್ಬರಿದ್ದಾರೆ ಎಂದರೆ ನಂಬುತ್ತೀರಾ? ನಂಬಲೇಬೇಕು. ಅವರು ನಮ್ಮ ಭಾವ, ನನ್ನ ಅಕ್ಕನ ಗಂಡ! ಜೀವಮಾನವೆಲ್ಲ ಮನೆಮನೆಗೆ ನಮ್ಮೂರ ಬೂದು ಬಣ್ಣದ ತಾಂಡೂರು ಕಲ್ಲು ಹಾಸಿದವರು. ಯಾರ ಮನೆಗೆ ಹೋದರೂ ಮೊದಲು ನೆಲವನ್ನು ಮಾತಾಡಿಸುತ್ತಾರೆ, ಆಮೇಲೆ ಮನೆಯವರನ್ನು. ಒಮ್ಮೆ ಸಾವಿನ ಮನೆಯಲ್ಲಿ, "ಸಂದು ಬಿಟ್ಟಾವಲ್ರೀ!" ಎಂದು ಮರುಗಿದರು. ಸತ್ತವರಿಗಲ್ಲ, ಕಲ್ಲಿಗೆ!

ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ನಮ್ಮೂರ ಬೀದಿಬೀದಿಯಲ್ಲಿ ಮೆರವಣಿಗೆ ನಡೆಯುತ್ತಿದ್ದ ಕಾಲ. ನನ್ನ ಮಗ ಹೊಸ ಮನೆ ಕಟ್ಟಿಸುತ್ತಿದ್ದ. ಅಷ್ಟರಲ್ಲಿ ನನಗೆ ಮೊಮ್ಮಗಳು ಹುಟ್ಟಿದಳು! ಮೂರನೇ ತರಗತಿಗೇ ಶಾಲೆಗೆ ಕೈಮುಗಿದವನು ನಾನು. ಬರೆದು ತಿಳಿಸಲು ಬರುತ್ತದೆಯೇ? ಬಸ್ ಹತ್ತಿ ಕಂಡಕ್ಟರನಿಗೆ ಹೇಳಿದೆ, ಮುಂದಿನ ಸೀಟಿನವರಿಗೆ ಹೇಳಿದೆ, ನನ್ನ ನಿಲ್ದಾಣವನ್ನೇ ದಾಟಿಹೋದೆ! ನಾರಾಯಣಖೇಡದ ತವರಿನಿಂದ ಸೊಸೆ ಐದನೇ ತಿಂಗಳಿಗೆ ಕೂಸಿನೊಡನೆ ನೇರ ಹೊಸ ಮನೆಗೇ ಬರುವವಳಿದ್ದಳು. ನೆಲವೊಂದೇ ಬಾಕಿ.

"ಇಟಾಲಿಯನ್ ಮಾರ್ಬಲ್ ಹಾಕಸ್ತೀನಿ" ಎಂದ ಮಗ.

ಭಾವನ ಬಾಯಿಗೆ ಹೊರಟಿದ್ದ ಚಹಾದ ಬಸಿ ನಡುದಾರಿಯಲ್ಲೇ ನಿಂತಿತು.

"ಇಟಾಲಿಯನ್ ಅಂದ್ರೇನೋ?"

"ಹೆಸರು, ಮಾಮಾ. ಹೆಸರಿಗೆ ಏನ್ ಅರ್ಥ ಇರ್ತದ?"

"ಇರ್ತದ, ಕೇಳು. ಇಟ್ಟ ಅಳಿಯನ್, ಇಟಾಲಿಯನ್! ಮನ್ಯಾಗ ಇಟ್ಟುಕೊಂಡ ಅಳಿಯ. ದೂರದಿಂದ ಬರ್ತಾನ, ಬೆಳ್ಳಗ ಇರ್ತಾನ, ಒಂದು ಹನಿ ಚಾ ಬಿದ್ರ ಮಾರಿ ಕೆಡಿಸ್ಕೋತಾನ. ದಿನಾ ಒರಸಬೇಕು, ದಿನಾ ಹೊಗಳಬೇಕು!"

ಅಡುಗೆಮನೆಯಿಂದ ಅಕ್ಕನ ದನಿ ಬಂತು: "ಮದುವಿ ಆದಾಗಿಂದ ನಮ್ಮಪ್ಪನ ಮನ್ಯಾಗೇ ಇದ್ದೀರಿ. ನೀವು ಯಾವ ಕಲ್ಲ್ರೀ?"

"ನಾ ಬೆಳ್ಳಗ ಇಲ್ಲಲ್ಲ!"

ಮಗ ಬಿಡುವವನೇ? ಸೊಸೆ ಶಾಲೆಯ ಟೀಚರು. ಅವಳಿಗೆ ಫೋನ್ ಹಚ್ಚಿ ಭಾವನ ಕೈಗಿಟ್ಟ. ಅವಳು, "ಅಲ್ಲಿನ ಹಳೇ ಮಂದಿ ಕರುವಿಗೆ ಅಂತಿದ್ದ ಮಾತಿನಿಂದ ಇಟಲಿ ಅನ್ನೋ ಹೆಸರು ಬಂತಂತ, ಮಾಮಾ. ಕರುಗಳ ನಾಡು ಅಂತ ಕೆಲವರು ಹೇಳ್ತಾರ" ಎಂದಳು. ಮಗ ಗೆದ್ದೆನೆಂದುಕೊಂಡ. ಭಾವ ಎದ್ದೇ ನಿಂತರು.

"ಕರು ಕಟ್ಟೋ ಜಾಗಾ ಅಂದ್ರ ಕೊಟ್ಟಿಗಿ ಅಂದಂಗಾತು! ಕೊಟ್ಟಿಗಿ ಕಲ್ಲು ತಂದು ಕೂಸಿನ ಕೆಳಗ ಹಾಸ್ತಿ?"

ಅವರ ಹಟ ಬರೀ ಕಲ್ಲಿನದಲ್ಲ. ಆ ಕೂಸು ಅಂಬೆಗಾಲಿಡುವ ನೆಲವನ್ನು ತಾವೇ ಹಾಸಬೇಕು, ಅಷ್ಟೇ. ಆದರೆ ಡಾಕ್ಟರು ಕುಕ್ಕರಗಾಲಲ್ಲಿ ಕೂರಬೇಡಿ ಎಂದಿದ್ದರು. ಮಗನೂ, "ನಿಮ್ಮ ಮೊಣಕಾಲು ಕೇಳಂಗಿಲ್ಲ, ಮಾಮಾ. ಹೈದರಾಬಾದಿನವರು ಬಂದು ಹಾಸ್ತಾರ" ಎಂದ. ಹೈದರಾಬಾದಿನಿಂದ ಯಾರು ಬರಬೇಕು? ಬಂದ್ ಆಗಿ ಮಾರ್ಬಲ್ಲಿನ ಲಾರಿ ಹೊರಡಲೇ ಇಲ್ಲ. ಕಾಯೋಣ ಎಂದ ಮಗ, ಆಗಷ್ಟೇ ಮೆರವಣಿಗೆ ಮುಗಿಸಿ ಬಂದವನು. ಭಾವ ಗುಡುಗಿದರು.

"ನಮ್ಮ ನೆಲ ನಮಗ ಬೇಕು ಅಂತ ಬೀದ್ಯಾಗ ಒದರ್ತಿ. ಮನ್ಯಾಗ ಮಂದಿ ನೆಲ ಹಾಸ್ತಿ?"

ಮಗ ಹೈದರಾಬಾದಿಗೆ ಫೋನ್ ಹಚ್ಚಿ ಮಾರ್ಬಲ್ ಬೇಡವೆಂದ. ಮರುದಿನ ಬೆಳಿಗ್ಗೆಯೇ ಭಾವ ಡಾಕ್ಟರನ್ನೂ ಅಕ್ಕನನ್ನೂ ಮೊಣಕಾಲನ್ನೂ ಒಟ್ಟಿಗೆ ಧಿಕ್ಕರಿಸಿ, ಗೋಣಿಚೀಲದ ಮೇಲೆ ಮಂಡಿಯೂರಿ ಮೊದಲ ತಾಂಡೂರು ಕಲ್ಲು ಕೂರಿಸಿದರು. ಇಪ್ಪತ್ತು ದಿನ ಹಾಸಿದರು. ಏಳುವಾಗಲೆಲ್ಲ ಗೋಡೆ ಹಿಡಿಯುತ್ತಿದ್ದರು. ನಾವು ನೋಡಿದರೆ, ಗೋಡೆ ಗಟ್ಟಿಯಿದೆಯೇ ನೋಡುತ್ತಿದ್ದೇನೆ ಎನ್ನುತ್ತಿದ್ದರು!

ಕೂಸು ಬರುವ ದಿನ ಮುಂಜಾನೆ ಹೋಗಿ ನೋಡುತ್ತೇನೆ, ಭಾವ ಹೊಸ ಮನೆಯ ಹಾಲ್‌ನಲ್ಲಿ ಬೋರಲು ಬಿದ್ದಿದ್ದಾರೆ! ಓಡಿದೆ. ಮನುಷ್ಯ ಗಡ್ಡ ನುಣ್ಣಗೆ ಬೋಳಿಸಿಕೊಂಡು, ಕಲ್ಲಿಗೆ ಗಲ್ಲ ಒತ್ತಿ ಮೆಲ್ಲಗೆ ಜರುಗುತ್ತಿದ್ದರು.

"ಏನ್ ಭಾವಾ ಇದು?"

"ಕೈ ಒರಟಾಗ್ಯಾವ, ತಮ್ಮಾ. ಕೈಗೆ ಎಲ್ಲಾ ನುಣುಪೇ ಅನಸ್ತದ. ಕೂಸಿನ ಮೊಣಕಾಲಿಗೆ ಚುಚ್ಚೋದು ಗಲ್ಲಕ್ಕ ಮಾತ್ರ ಗೊತ್ತಾಗ್ತದ."

ಅರ್ಧ ಹಾಲ್ ಇನ್ನೂ ಬಾಕಿ ಇತ್ತು. ನಾನು ಟೋಪಿ ತೆಗೆದಿಟ್ಟು, ಇನ್ನೊಂದು ಮೂಲೆಯಿಂದ ನೆಲಕ್ಕೆ ಗಲ್ಲ ಊರಿದೆ.