ವೆಂಕೋಬರಾಯರ ಮಯೂರಪೀಠ ವಿಜಯ

ಧೂಳೇ, ತಾಯೇ, ಸಿಂಹಾಸನಕ್ಕೂ ಒನಕೆಗೂ ಭೇದವೆಣಿಸದೆ ಎಲ್ಲದರ ಮೇಲೂ ಸಮನಾಗಿ ನೆಲೆಸುವ ಮಹಾಮಾತೆಯೇ, ನನ್ನನ್ನೊಮ್ಮೆ ಸೀನಿಸಿ ಗಂಟಲನ್ನು ತೆರೆ! ಅಜ್ಜ ಅಟ್ಟಕ್ಕೆಸೆದದ್ದನ್ನು ಮೊಮ್ಮಗ ಅಂಗಡಿಯಿಂದ ಕೊಂಡುತರುವ ಈ ವಿಚಿತ್ರ ಯುಗದಲ್ಲಿ, ಮೈಸೂರೆಂಬ ಮಹಾನಗರಿಯಲ್ಲಿ, ಜೀರ್ಣಪೀಠೋದ್ಧಾರಧುರಂಧರರೂ, ಭಗ್ನದರ್ಪಣಬಾಂಧವರೂ, ಗುಜರಿವೀಥೀಸಂಚಾರಶೀಲರೂ ಆದ ನಿವೃತ್ತ ಭೂಗೋಳ ಮೇಷ್ಟರು ವೆಂಕೋಬರಾಯರು ಗೈದ ಸಾಹಸವನ್ನು ಹಾಡುತ್ತೇನೆ. ಕೆಮ್ಮುವವರು ಈಗಲೇ ಕೆಮ್ಮಿ ಮುಗಿಸಿಬಿಡಿ.

ರಾಯರ ನಡುಮನೆಯನ್ನು ಏನೆಂದು ಬಣ್ಣಿಸಲಿ! ಎಂದೋ ನಿಂತುಹೋದ ಗೋಡೆ ಗಡಿಯಾರಗಳು, ಮುಖವನ್ನು ಎರಡಾಗಿ ತೋರಿಸುವ ನಿಲುವುಗನ್ನಡಿ, ಮಗುವಿಲ್ಲದ ತೊಟ್ಟಿಲು, ಪಲ್ಲಕ್ಕಿಯಿಲ್ಲದ ಪಲ್ಲಕ್ಕಿಯ ಕೊಂಬು. ಇವೆಲ್ಲದರ ಮಧ್ಯೆ, ಬೆನ್ನಿಗೆ ನವಿಲು ಗರಿಗೆದರಿದಂತೆ ಕೆತ್ತಿದ ಬೀಟೆಮರದ ಕುರ್ಚಿ ವಿರಾಜಿಸುತ್ತಿತ್ತು. ಅದರ ಮೇಲೆ ಯಾರೂ ಕೂರುವಂತಿರಲಿಲ್ಲ. ರಾಯರೇ ಕೂತವರಲ್ಲ. ಹೆಸರಿನಲ್ಲೇ ಆಸನವಿಟ್ಟುಕೊಂಡ ಅವರ ಧರ್ಮಪತ್ನಿ ಪದ್ಮಾಸನಿ ಮೂವತ್ತು ವರ್ಷಗಳಿಂದ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ಸಾಧ್ವಿಯ ತಾಳ್ಮೆಯ ಕಟ್ಟೆ ಒಡೆಯಿತು.

“ರೀ, ಸಾಯಂಕಾಲ ಬೀಗಿತ್ತಿ ಬರ್ತಿದಾರೆ, ಮೊದಲ್ನೇ ಸಲ. ಅವರಿಗೆ ಮಂಡಿನೋವು, ಚಾಪೆ ಮೇಲೆ ಕೂರಕ್ಕಾಗಲ್ಲ. ಕೂರೋಂಥ ಒಂದು ಕುರ್ಚಿ ತನ್ನಿ. ಇಲ್ದಿದ್ರೆ ನಿಮ್ಮ ನವಿಲಿನ ಮೇಲೇ ಕೂರಿಸ್ತೀನಿ.”

ಅಯ್ಯೋ, ನವಿಲಿನ ಗತಿಯೇನು! ಬೀಗಿತ್ತಿ ಜಲಜಾಕ್ಷಮ್ಮನವರು ಗಜಗಂಭೀರಗಮನೆ, ವಿಪುಲಗಾತ್ರೆ. ಮದುವೆಮನೆಯಲ್ಲಿ ಅವರನ್ನು ನೆಲದಿಂದೆಬ್ಬಿಸಲು ಇಬ್ಬರು ಸೊಸೆಯರು ಕೈಜೋಡಿಸಿದ್ದನ್ನು ರಾಯರು ಕಣ್ಣಾರೆ ಕಂಡಿದ್ದರು. ಆದರೂ ವೀರನು ಎದೆಯುಬ್ಬಿಸಿ ಗರ್ಜಿಸಿದನು:

“ಎಲೌ ಪದ್ಮಾಸನಿ, ಕೇಳು! ನನ್ನ ಮಯೂರಪೀಠಕ್ಕೊಂದು ಜೋಡಿಯಿದೆ. ಆ ಜೋಡಿ ಸಂತೆಪೇಟೆಯ ದಾವೂದ್ ಸಾಹೇಬರ ಅಂಗಡಿಗೆ ಬಂದಿಳಿದಿದೆಯೆಂದು ಬಲ್ಲವರಿಂದ ಬಲ್ಲೆ. ಸೂರ್ಯನು ನೆತ್ತಿಗೇರುವುದರೊಳಗೆ ಅದನ್ನು ಗೆದ್ದು ತರದಿದ್ದರೆ ನಾನು ವೆಂಕೋಬರಾಯನೇ ಅಲ್ಲ!”

“ಇರೋ ಒಂದರ ಮೇಲೇ ಕೂರಂಗಿಲ್ಲ, ಇನ್ನೊಂದ್ಯಾಕೆ? ಹೋಗೋದು ಹೋಗ್ತೀರಿ, ಎರಡು ನಿಂಬೆಹಣ್ಣು ತನ್ನಿ,” ಎಂದರು ಪದ್ಮಾಸನಿ.

ಮಹಾಜನರೇ, ಗುಜರಿಯಂಗಡಿಯ ಧರ್ಮಯುದ್ಧಕ್ಕೆ ಒಂದೇ ನಿಯಮ. ಬೇಕಾದ ವಸ್ತುವನ್ನು ಕಣ್ಣೆತ್ತಿ ನೋಡಬಾರದು. ನೋಡಿದರೆ ಮೂಗು ಮುರಿಯಬೇಕು. ಬೇಡದ್ದನ್ನು ಹೊಗಳಿ ಅಂಗಡಿಯವನ ಗಮನವನ್ನು ಆ ಕಡೆ ಎಳೆಯಬೇಕು. ಆಸೆ ಮುಖದಲ್ಲಿ ಇಣುಕಿತೋ, ಬೆಲೆ ಆಕಾಶಕ್ಕೆ ಹಾರುತ್ತದೆ. ಈ ವಿದ್ಯೆಯಲ್ಲಿ ರಾಯರು ಪಳಗಿದವರು. ಅವರು ಸಾಹೇಬರ ಅಂಗಡಿ ಹೊಕ್ಕು, ಮೂಲೆಯಲ್ಲಿದ್ದ ಮಯೂರಪೀಠವನ್ನು ಓರೆಗಣ್ಣಿನಲ್ಲಿ ಕಂಡು, ಒಳಗೊಳಗೇ ಕುಣಿದು, ಹೊರಗೆ ಹಿಂಡಿದ ಹಾಗಲಕಾಯಿಯಂತೆ ಮುಖ ಮಾಡಿಕೊಂಡು, ಒಂದು ಮಡಚುವ ಕಬ್ಬಿಣದ ಕುರ್ಚಿಯ ಮುಂದೆ ನಿಂತರು.

“ಆಹಾ, ಸಾಹೇಬರೇ! ಕುರ್ಚಿ ಅಂದ್ರೆ ಇದು ನೋಡಿ!”

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಬಂದವರು ಯಾರು? ದಂತೋತ್ಪಾಟನಪ್ರಚಂಡರೂ ರಾಯರ ಪರಮವೈರಿಯೂ ಆದ ಹಲ್ಲಿನ ಡಾಕ್ಟರು ಶಿವಮಲ್ಲಪ್ಪನವರು! ಅವರಿಗೂ ಅದೇ ನವಿಲು ಬೇಕಿತ್ತು. ಅವರೂ ಅದೇ ವಿದ್ಯೆ ಬಲ್ಲವರು. ಇಬ್ಬರೂ ನಮಸ್ಕರಿಸಿಕೊಂಡರು, ಹಲ್ಲು ಬಿಟ್ಟರು, ಯುದ್ಧ ಮೊದಲಾಯಿತು.

“ಏನು ರಾಯರೇ, ಆ ಮೂಲೇಲಿರೋ ಗೂಬೆ ಕುರ್ಚಿ ನೋಡಕ್ಕೆ ಬಂದ್ರಾ?” ಎಂದು ಡಾಕ್ಟರು ಮೊದಲ ಬಾಣವನ್ನು ಬಿಟ್ಟರು.

“ಗೂಬೇನಾ? ಗೂಬೆಗಾದ್ರೂ ಒಂದು ಲಕ್ಷಣ ಇರುತ್ತೆ ಡಾಕ್ಟ್ರೇ. ಇದು ಗರಿ ಕಿತ್ತ ಕೋಳಿ.”

“ಮರವೂ ಟೊಳ್ಳು. ಹುಳ ತಿಂದಿದೆ. ನನಗೆ ಬಿಟ್ಟಿ ಕೊಟ್ರೂ ಬೇಡಪ್ಪ.”

ಆಗ ರಾಯರು ತಮ್ಮ ಬತ್ತಳಿಕೆಯ ಬ್ರಹ್ಮಾಸ್ತ್ರವನ್ನು ತೆಗೆದರು. “ಹುಳ ಏನ್ ಮಹಾ! ತಿಗಣೆ ರೀ, ತಿಗಣೆ! ಕಣ್ಣೆದುರಿಗೇ ಹರೀತಿವೆ. ಇದನ್ನ ಮನೆಗೆ ತಗೊಂಡೋದೋರ ವಂಶ ನಿದ್ದೆಗೆಡುತ್ತೆ!”

ಒಬ್ಬ ಗಿರಾಕಿ ತೆಗಳಿದ್ದರೆ ಸಾಹೇಬರು ಚೌಕಾಸಿಯೆಂದು ನಗುತ್ತಿದ್ದರು. ಇಬ್ಬರು ಬಲ್ಲವರು, ಅದೂ ಬದ್ಧವೈರಿಗಳು, ಒಂದೇ ಬಾಯಲ್ಲಿ ನುಡಿದರೆ? ಮರ್ಯಾದಸ್ಥ ವ್ಯಾಪಾರಿಯ ಮುಖ ಕೆಂಪಾಯಿತು.

“ಬಿಡಿ ಸ್ವಾಮಿ, ಅಂಥ ಮಾಲು ನನ್ನ ಅಂಗಡೀಲಿ ಬೇಡ. ಸಿದ್ದಮ್ಮಾ! ಹಾಲಿನ ಕ್ಯಾನ್ ಇಡಕ್ಕೆ ಏನಾದ್ರೂ ಕೊಡಿ ಅಂತಿದ್ಯಲ್ಲ, ತಗೊಂಡೋಗು ಇದನ್ನ. ದುಡ್ಡೇನೂ ಬೇಡ.”

ಪಕ್ಕದ ಟೀ ಅಂಗಡಿಯ ಸಿದ್ದಮ್ಮ ಬಂದಳು, ನವಿಲನ್ನು ಕಂಕುಳಲ್ಲಿ ಇರುಕಿಕೊಂಡಳು, ಹೋದಳು. ನನಗೆ ಬೇಕು ಎಂದು ವೀರರಿಬ್ಬರಲ್ಲಿ ಒಬ್ಬರಾದರೂ ಬಾಯಿಬಿಟ್ಟಿದ್ದರೆ ಸಾಕಿತ್ತು. ಆದರೆ ಇನ್ನೊಬ್ಬರು ನಗುತ್ತಾರಲ್ಲ! ರಾಯರು ಕೊನೆಗೆ ಮಾನ ಬಿಟ್ಟು ಹೊರಕ್ಕೆ ಓಡಿದರು. ಹಿಂದೆಯೇ ಡಾಕ್ಟರು ಓಡಿದರು.

“ಸಿದ್ದಮ್ಮ, ಅದನ್ನ ನಂಗೆ ಕೊಡಮ್ಮ!”

“ಸುಮ್ನಿರಿ ಬುದ್ಧಿ,” ಎಂದಳು ಸಿದ್ದಮ್ಮ. “ತಿಗಣೆ ಅದೆ ಅಂತ ನೀವೇ ಕೂಗಿದ್ದು ಇಲ್ಗಂಟ ಕೇಳುಸ್ತು. ದೊಡ್ಡೋರ ಮನೆಗೆ ತಿಗಣೆ ಕಳ್ಸಿದ ಪಾಪ ನಂಗ್ಯಾಕೆ?” ಎನ್ನುತ್ತಲೇ ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಹಂಡೆಯನ್ನು ಎತ್ತಿ ನವಿಲಿನ ತಲೆಯಿಂದ ಕಾಲಿನವರೆಗೆ ಸುರಿದಳು.

ಹಾ ಬೀಟೆಮರವೇ! ಹಾ ಪ್ರಾಚೀನಪಾಲಿಶ್‌ಪ್ರಭಾಪುಂಜವೇ! ಹೊಳಪೆಲ್ಲ ಬೆಳ್ಳಗಾಗಿ ಗಂಜಿಯಂತೆ ಇಳಿಯಿತು, ಅಂಟು ಬಿಟ್ಟ ಗರಿಗಳು ಚರಂಡಿ ಸೇರಿದವು. ಉಳಿದದ್ದರ ಮೇಲೆ ಸಿದ್ದಮ್ಮ ಹಾಲಿನ ಕ್ಯಾನನ್ನು ಇಟ್ಟಳು. ವೈರಿಗಳಿಬ್ಬರೂ ಅಕ್ಕಪಕ್ಕ ನಿಂತು ಒಂದೊಂದು ಟೀ ಕುಡಿದರು. ದುಡ್ಡನ್ನು ಡಾಕ್ಟರೇ ಕೊಟ್ಟರು.

ರಾಯರು ಮನೆಗೆ ಹೊರಟಾಗ ಸ್ಕೂಟರಿನ ಹಿಂದೆ ಏನೋ ಖಣಖಣ ಎನ್ನುತ್ತಿತ್ತು. ಅಷ್ಟೊಂದು ಹೊಗಳಿದಿರಲ್ಲ ಎಂದು ಸಾಹೇಬರು ಕಬ್ಬಿಣದ ಕುರ್ಚಿಯನ್ನು ತಾವೇ ಕಟ್ಟಿಬಿಟ್ಟಿದ್ದರು. ಬೇಡವೆನ್ನಲು ರಾಯರಲ್ಲಿ ತ್ರಾಣವಿರಲಿಲ್ಲ. ಪದ್ಮಾಸನಿ ಅದನ್ನು ಬಿಡಿಸಿ, ಒರೆಸಿ, ಅಲ್ಲಾಡಿಸಿ ನೋಡಿ, “ಪರವಾಗಿಲ್ಲರೀ, ಅಂತೂ ಒಂದು ಕುರ್ಚಿ ತಂದ್ರಿ!” ಎಂದು ಹಿಗ್ಗಿದರು. ಇರುವ ನವಿಲಾದರೂ ಉಳಿಯಿತಲ್ಲ ಎಂದು ರಾಯರೂ ಸಮಾಧಾನಪಟ್ಟರು. ನಿಂಬೆಹಣ್ಣು ಮರೆತುಹೋಗಿತ್ತು.

ಸಂಜೆ ಜಲಜಾಕ್ಷಮ್ಮನವರು ಬಂದರು. ಗಂಡಹೆಂಡಿರಿಬ್ಬರೂ ಕಬ್ಬಿಣದ ಕುರ್ಚಿಯನ್ನು ಮುಂದೆ ಸರಿಸಿ “ಬನ್ನಿ, ಬನ್ನಿ, ಇಲ್ಲಿ ಕೂತ್ಕೊಳಿ” ಎಂದು ಉಪಚರಿಸುತ್ತಿದ್ದಂತೆಯೇ, ಆ ಮಹಾಮಾತೆ “ಅಯ್ಯೋ, ನಂಗೆ ಯಾವುದಾದ್ರೇನು” ಎನ್ನುತ್ತ ನೇರವಾಗಿ ನಡೆದು ಮಯೂರಪೀಠದ ಮೇಲೆ ಕೂತುಬಿಟ್ಟರು.

ರಾಯರು ಕಣ್ಣು ಮುಚ್ಚಿಕೊಂಡರು. ಗಗನವು ಬಿರಿಯಲಿಲ್ಲ, ಭೂಮಿಯು ನಡುಗಲಿಲ್ಲ, ಕುರ್ಚಿಯು ಕಿರ್ರೆನ್ನಲೂ ಇಲ್ಲ. ರಾಯರೇ ಕಬ್ಬಿಣದ ಕುರ್ಚಿಯ ಮೇಲೆ ಕುಸಿದರು.

“ಎಷ್ಟು ಸುಖವಾಗಿದೆ ರಾಯರೇ ಈ ಕುರ್ಚಿ!” ಎಂದರು ಬೀಗಿತ್ತಿ, ನವಿಲಿನ ಕೊರಳಿಗೆ ಒರಗಿಕೊಂಡು. “ಇದರ ಜೊತೇದು ಇನ್ನೊಂದು ಎಲ್ಲಾದ್ರೂ ಸಿಗುತ್ತಾ, ನಮ್ಮನೆಗೆ?”