ಸೈಂಟ್ ಲೂಸಿಯಾದ ಗ್ರೂಪ್

ಸರ್ವೋತ್ತಮ ಆ ದಿನ ಬೆಳಿಗ್ಗೆ ಲಿಫ್ಟಿನಲ್ಲಿ ಬಾಯಿ ತೆರೆಯಬಾರದಿತ್ತು. ಪಕ್ಕದ ಫ್ಲಾಟಿನ ಆಸ್ವಾಲ್ಡ್ ಲೋಕಾಭಿರಾಮವಾಗಿ, "ಡಿಸೆಂಬರ್ ರಜೆಗೆ ಊರಿಗಾ ಮಾರಾಯಾ?" ಎಂದು ಕೇಳಿದಾಗ ಹೂಂ ಎಂದಿದ್ದರೆ ಸಾಕಿತ್ತು. ಆದರೆ ಅವನು ಟೈ ಸರಿಮಾಡಿಕೊಂಡು, "ಈ ಸಲ ಊರು ಮಾಫಿ, ಇಲ್ಲವೇ ಇಲ್ಲ. ಸೈಂಟ್ ಲೂಸಿಯಾ. ವೆಸ್ಟ್ ಇಂಡೀಸ್ ಕಡೆಯ ದ್ವೀಪ," ಎಂದುಬಿಟ್ಟ.

ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸರ್ವೋತ್ತಮ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಮಾಡುವವನು. ಅಲ್ಲಿಯ ಮಾಲಿಕ ನಂದನ್ ಅವನಿಗೊಂದು ಮಾತು ಕೊಟ್ಟಿದ್ದರು. ಸಂಜೆ ನಮ್ಮ ಕರಾವಳಿಯ ಕುಟುಂಬಗಳನ್ನೆಲ್ಲ ಹೋಟೆಲಿನ ಹಾಲಿಗೆ ಊಟಕ್ಕೆ ಕರೆದಿದ್ದೇನೆ, ಆ ದ್ವೀಪದ ಬಗ್ಗೆ ಮಾತಾಡಿ ಡಿಸೆಂಬರಿನ ಗ್ರೂಪ್ ತುಂಬಿಸು, ತುಂಬಿಸಿದರೆ ಟೂರ್ ಲೀಡರ್ ನೀನೇ, ಹೆಂಡತಿಗೂ ಒಂದು ಸೀಟು.

ಸರ್ವೋತ್ತಮನಿಗೆ ಆ ಸೀಟೇ ಮುಖ್ಯವಾಗಿತ್ತು. ಮದುವೆಯಾದ ಮೇಲೆ ಅವನು ದೀಕ್ಷಿತಾಳನ್ನು ರಜೆಗೆ ಉಡುಪಿ ಬಿಟ್ಟು ಬೇರೆಲ್ಲಿಗೂ ಕರೆದುಕೊಂಡು ಹೋದದ್ದಿಲ್ಲ. ಪ್ರತಿ ರಜೆಯೂ ಯಾರದೋ ಮದುವೆ, ಯಾರದೋ ಗೃಹಪ್ರವೇಶ, ಯಾರದೋ ಸಾವಿನ ಬೊಜ್ಜದ ಊಟದಲ್ಲೇ ಕರಗುತ್ತಿತ್ತು. ಹೋದಲ್ಲೆಲ್ಲ ಯಾವಾಗ ಬಂದದ್ದು, ಯಾವಾಗ ಹೋಗುವುದು ಎಂಬ ಅದೇ ವಿಚಾರಣೆ. "ಗುರುತಿನವರು ಒಬ್ಬರೂ ಇಲ್ಲದ ಕಡೆ ಒಂದು ವಾರ ಸುಮ್ಮನೆ ಕೂತ್ಕೊಳ್ಬೇಕು ನಂಗೆ. ಬೇರೆಂತ ಬೇಡ," ಎಂದು ದೀಕ್ಷಿತಾ ಹೇಳಿದ ದಿನವೇ ಅವನು ಹಟ ತೊಟ್ಟಿದ್ದ. ಆಕಾಶ ಬಿದ್ದರೂ ಸರಿ, ಈ ಸಲ ಅವಳಿಗೆ ಆ ದ್ವೀಪ ತೋರಿಸಿಯೇ ಸಿದ್ಧ.

ಲಿಫ್ಟು ಕೆಳಗೆ ಮುಟ್ಟುವುದರೊಳಗೆ ಸುದ್ದಿ ಮೇಲೆ ಮುಟ್ಟಿತ್ತು. ಗಲ್ಫಿನಲ್ಲಿ ವಿಮಾನ ಹತ್ತುವವನ ಪೆಟ್ಟಿಗೆ ಅವನೊಬ್ಬನದಲ್ಲ, ಇಡೀ ಬಿಲ್ಡಿಂಗಿನದು. ಗೇಟು ದಾಟುವ ಮೊದಲೇ ಆಸ್ವಾಲ್ಡನ ಹೆಂಡತಿ ವೆರೋನಿಕಾ ಅಮಟೆಕಾಯಿ ಉಪ್ಪಿನಕಾಯಿಯ ಬಾಟಲಿ ಹಿಡಿದು ಓಡಿ ಬಂದಳು.

"ನನ್ನ ತಮ್ಮ ಲಿಯೊನೆಲ್ ಕ್ರೂಸ್ ಹಡಗಿನಲ್ಲಿ ಅಲ್ವಾ? ಅದು ಆ ದ್ವೀಪಕ್ಕೇ ಬರುದು. ಇದೊಂದು ಅವನಿಗೆ ಕೊಡಿ."

"ಡಿಸೆಂಬರಿಗೆ ಇನ್ನೂ ತಿಂಗಳುಗಟ್ಟಲೆ ಉಂಟಲ್ಲ?"

"ಉಪ್ಪಿನಕಾಯಿ ಹಾಳಾಗ್ತದಾ? ಹಳತಾದಷ್ಟು ರುಚಿ."

ಹಿಂದೆಯೇ ಕೆಳಗಿನ ಫ್ಲಾಟಿನ ಮರಿಯಮ್ ಬೀವಿ ಹಲ್ವದ ಪೊಟ್ಟಣ ತಂದರು. "ಸರ್ವೋತ್ತಮಣ್ಣಾ, ಇದೂ ಇರ್ಲಿ."

"ಇದು ಯಾರಿಗೆ ಬೀವಿ?"

"ಅಲ್ಲಿಯೂ ನಮ್ಮ ಕಡೆಯವರು ಯಾರಾದ್ರೂ ಇದ್ದೇ ಇರ್ತಾರೆ. ನೋಡಿ ಕೊಡಿ."

ವಾದಿಸುತ್ತ ನಿಂತರೆ ಇನ್ನೂ ನಾಲ್ಕು ಮಹಡಿಯವರು ಇಳಿದು ಬಂದಾರೆಂಬ ಭಯದಿಂದ ಸರ್ವೋತ್ತಮ ಎರಡನ್ನೂ ಲ್ಯಾಪ್‌ಟಾಪಿನ ಚೀಲಕ್ಕೆ ತುರುಕಿಕೊಂಡು ಓಡಿದ. ಆ ಲ್ಯಾಪ್‌ಟಾಪಿನಲ್ಲಿ ಅವನು ರಾತ್ರಿಯೆಲ್ಲ ನಿದ್ದೆಗೆಟ್ಟು ಜೋಡಿಸಿದ ದ್ವೀಪದ ಚಿತ್ರಗಳಿದ್ದವು. ಸಂಜೆ ಹಾಲಿಗೆ ಹೋಗುವಾಗ ಟ್ಯಾಕ್ಸಿಯವನು ಸಿಗ್ನಲಿನಲ್ಲಿ ಹಾಕಿದ ಬ್ರೇಕಿಗೆ ಚೀಲ ಸೀಟಿನಿಂದ ದೊಪ್ಪನೆ ಕೆಳಗೆ ಬಿತ್ತು. ಹಾಲಿನಲ್ಲಿ ಜಿಪ್ ಎಳೆದಾಗ ಮೊದಲು ಘಮ್ಮನೆ ಇಂಗಿನ ಒಗ್ಗರಣೆಯ ಪರಿಮಳ ಬಂತು. ಲ್ಯಾಪ್‌ಟಾಪು ಮೂಲೆ ಮೂಲೆಗೂ ಎಣ್ಣೆ ಕುಡಿದು, ಕೀಲಿಗಳ ನಡುವೆ ಅಮಟೆಕಾಯಿ ಸಿಕ್ಕಿಸಿಕೊಂಡು, ಇನ್ನು ಏಳುವುದಿಲ್ಲವೆಂಬಂತೆ ಮಲಗಿತ್ತು.

"ಎಂತ ಮಾರಾಯಾ ಇದು!" ನಂದನ್ ತಲೆಗೆ ಕೈಯಿಟ್ಟುಕೊಂಡರು. "ಜನ ತುಂಬಿದ್ದಾರೆ. ಕ್ಯಾನ್ಸಲ್ ಮಾಡುದಾ?"

ಮೊದಲ ಸಾಲಿನಲ್ಲಿ ದೀಕ್ಷಿತಾ ಹೊಸ ಚೂಡಿದಾರ ಹಾಕಿಕೊಂಡು ಕೂತಿದ್ದಳು. ಅವಳ ಮುಖ ನೋಡಿದ ಸರ್ವೋತ್ತಮನಿಗೆ ಎಲ್ಲಿಲ್ಲದ ಛಲ ಬಂತು. "ಬೇಡ ಸರ್. ಬಾಯಲ್ಲೇ ಹೇಳ್ತೇನೆ," ಎಂದು ಮೈಕು ಹಿಡಿದ.

"ಬಂಧುಗಳೇ, ಅಲ್ಲಿ ಪಿಟಾನ್ಸ್ ಅಂತ ಎರಡು ಶಿಖರ ಉಂಟು. ಕಡಲಿನಿಂದಲೇ ನೆಟ್ಟಗೆ ಎದ್ದದ್ದು. ಇಡೀ ಜಗತ್ತಿಗೆ ಪ್ರಸಿದ್ಧ."

ಸಭೆಯಲ್ಲಿ ಒಬ್ಬರು ಮೊಬೈಲು ನೋಡುತ್ತಿದ್ದರು, ಇನ್ನೊಬ್ಬರು ಬಿರಿಯಾನಿಯ ಪಾತ್ರೆ ಬಂತೇ ಎಂದು ಬಾಗಿಲು ನೋಡುತ್ತಿದ್ದರು.

"ಅಲ್ಲಿ ಕಾರಿನಲ್ಲೇ ಹತ್ತಿರ ಹೋಗಿ ನೋಡುವ ಜ್ವಾಲಾಮುಖಿ ಉಂಟು. ಕುದಿಯುವ ನೀರು, ಮೈಗೆ ಹಚ್ಚಿಕೊಳ್ಳುವ ಬಿಸಿ ಕೆಸರು."

"ಬಿಸಿ ನೀರಿಗೆ ಅಷ್ಟು ದೂರ ಎಂತಕ್ಕೆ?" ಆಸ್ವಾಲ್ಡ್ ಎದ್ದ. "ಜುಲೈಯಲ್ಲಿ ನಮ್ಮ ಬಾತ್‌ರೂಮಿನ ನಲ್ಲಿ ತಿರುಗಿಸಿದ್ರೆ ಬರುದು ಎಂತದು?"

ಹಾಲಿಗೆ ಹಾಲೇ ನಕ್ಕಿತು. ದೀಕ್ಷಿತಾ ತಲೆ ತಗ್ಗಿಸಿದಳು. ಸರ್ವೋತ್ತಮ ಬೆವರು ಒರೆಸಿಕೊಂಡ. ಚಿತ್ರವಿಲ್ಲದೆ ಇವರ ಕಣ್ಣಿಗೆ ಆ ದ್ವೀಪವನ್ನು ಕಟ್ಟಬೇಕಾದರೆ ಇವರು ಕಂಡದ್ದರಿಂದಲೇ ಕಟ್ಟಬೇಕು ಎಂದು ಅವನಿಗೆ ಹೊಳೆಯಿತು.

"ಆಸ್ವಾಲ್ಡಣ್ಣಾ, ಬೆಳ್ತಂಗಡಿಯ ಗಡಾಯಿಕಲ್ಲು ನೋಡಿದ್ದೀರಲ್ಲ? ಬಸ್ಸಿನಲ್ಲಿ ಹೋಗುವಾಗ ಮಂಜಿನಿಂದ ಒಮ್ಮೆಲೇ ತಲೆ ಎತ್ತಿ ಹೆದರಿಸ್ತದಲ್ಲ? ಅಂಥದ್ದನ್ನು ಎರಡು ಮಾಡಿ ಮಲ್ಪೆ ಕಡಲ ಬದಿಯಲ್ಲಿ ಇಟ್ಟ ಹಾಗೆ ಆ ಪಿಟಾನ್ಸ್!"

ಮೊಬೈಲು ನೋಡುತ್ತಿದ್ದವರು ಕತ್ತೆತ್ತಿದರು. ಸರ್ವೋತ್ತಮನಿಗೆ ಹುರುಪು ಬಂತು. "ಬಿಸಿನೀರು ಅಂದ್ರೆ ನಲ್ಲಿಯದ್ದಲ್ಲ ಮಾರಾಯ್ರೆ. ಪುತ್ತೂರಿನ ಹತ್ತಿರ ಬೆಂದ್ರ್‌ತೀರ್ಥ ಉಂಟಲ್ಲ, ಅದರ ದೊಡ್ಡಣ್ಣ. ಜಲಪಾತ ಕೇಳಿದ್ರೆ ಹೆಬ್ರಿಯ ಕೂಡ್ಲು ತೀರ್ಥ, ಕಾಲು ಇಟ್ಟ ಕೂಡ್ಲೆ ನೆತ್ತಿವರೆಗೆ ತಂಪು ಏರ್ತದಲ್ಲ, ಹಾಗೆ. ಇಂಗ್ಲಿಷರು ಫ್ರೆಂಚರ ಹಡಗಿನ ಮೇಲೆ ಕಣ್ಣಿಡ್ಲಿಕ್ಕೆ ಪಿಜನ್ ಐಲೆಂಡಿನಲ್ಲಿ ಕಟ್ಟಿದ ಕೋಟೆ ಉಂಟು. ಮಂಗಳೂರಿನ ಸುಲ್ತಾನ್ ಬತ್ತೇರಿಯ ಮೇಲೆ ನಿಂತು ಹೊಳೆ ನೋಡಿದ ಹಾಗೆ ಗಾಳಿ ಬೀಸ್ತದೆ. ಊಟ ಕೇಳ್ತೀರಾ? ಬಾಳೆಕಾಯಿ ಬೇಯಿಸಿ ಉಪ್ಪುಮೀನಿನ ಜೊತೆ. ನಮ್ಮ ಹಿತ್ತಲಿನ ಹಲಸಿನ ತಮ್ಮ ಜೀಗುಜ್ಜೆ ಉಂಟಲ್ಲ, ಅದನ್ನು ಕೆಂಡದಲ್ಲಿ ಸುಟ್ಟು, ಕಪ್ಪು ಸಿಪ್ಪೆ ತೆಗೆದು, ಬಿಸಿಬಿಸಿ..."

"ಅಲ್ಲಾಹ್, ಜೀಗುಜ್ಜೆ!" ಮರಿಯಮ್ ಬೀವಿ ಎದೆ ಮುಟ್ಟಿಕೊಂಡರು.

"ಮಮ್ಮಿ, ವಾಟ್ ಈಸ್ ಜೀಗುಜ್ಜೆ?" ವೆರೋನಿಕಾಳ ಮಗಳು ಕೇಳಿದಳು.

ವೆರೋನಿಕಾ ಎರಡು ಕೈಯಲ್ಲಿ ಅದರ ಗಾತ್ರ ತೋರಿಸಿ ಮಗಳ ತಲೆ ಸವರಿದಳು. ಆಸ್ವಾಲ್ಡ್ ಕನ್ನಡಕ ತೆಗೆದು ಒರೆಸಿದ. ಬಿರಿಯಾನಿ ಬಂದು ನಿಂತರೂ ಯಾರೂ ಏಳಲಿಲ್ಲ. ಸರ್ವೋತ್ತಮನಿಗೆ ತನ್ನ ಮಾತಿಗೆ ತನಗೇ ಕಣ್ಣು ತುಂಬಿತು. ಮೈಕು ಕೆಳಗಿಟ್ಟಾಗ ಇಡೀ ಸಭೆ ಎದ್ದು ನಂದನ್ ಕೂತ ಮೇಜಿಗೆ ಮುತ್ತಿಗೆ ಹಾಕಿತು. ಡಿಸೆಂಬರ್, ಡಿಸೆಂಬರ್ ಎಂಬ ಕೂಗು. ಆಸ್ವಾಲ್ಡನಂತೂ ಸಾಲು ತಪ್ಪಿಸಿ ನುಗ್ಗುತ್ತಿದ್ದ. ಸರ್ವೋತ್ತಮ ಹೆಂಡತಿಯ ಹತ್ತಿರ ಓಡಿ ಬಂದು, "ಪೆಟ್ಟಿಗೆ ಕಟ್ಟು! ಆಯ್ತು, ಗೆದ್ದೆವು!" ಎಂದ. ಅವಳು ಜನರೆದುರಿಗೇ ಅವನ ಕೈ ಹಿಡಿದುಕೊಂಡಳು.

ನಂದನ್ ಅರಳಿದ ಮುಖ ಹೊತ್ತು ಬಂದರು. "ಭೇಷ್ ಮಾರಾಯಾ! ಗ್ರೂಪ್ ಫುಲ್, ಇನ್ನೊಂದು ಗ್ರೂಪಿಗೂ ಜನ ಉಂಟು. ಒಬ್ಬೊಬ್ಬರೂ ಹೇಳಿದ್ದು ಒಂದೇ. ಗಡಾಯಿಕಲ್ಲು, ಬೆಂದ್ರ್‌ತೀರ್ಥ, ಕೂಡ್ಲು, ಬತ್ತೇರಿ, ಮಕ್ಕಳಿಗೆ ತೋರಿಸ್ಲಿಕ್ಕೇ ಆಗಲಿಲ್ಲವಂತೆ. ಎಲ್ಲ ಮಂಗಳೂರಿಗೇ ಬುಕ್ ಮಾಡಿದ್ರು!"

"ಸೈಂಟ್ ಲೂಸಿಯಾ, ಸರ್?"

"ಅದು ಖಲಾಸ್. ಅದಕ್ಕೆ ಒಬ್ಬರೂ ಇಲ್ಲ." ನಂದನ್ ಅವನ ಬೆನ್ನು ತಟ್ಟಿದರು. "ಆದ್ರೆ ನಾನು ಮಾತು ತಪ್ಪುವವನಲ್ಲ. ಟೂರ್ ಲೀಡರ್ ನೀನೇ. ಹೆಂಡತಿಯ ಸೀಟೂ ಉಂಟು. ಹೇಗೂ ನಿನ್ನ ಊರಿಗೇ ಹೋಗುದಲ್ವಾ, ಅದನ್ನು ನಿನ್ನ ಈ ವರ್ಷದ ರಜೆಯ ಲೆಕ್ಕಕ್ಕೇ ಹಿಡಿದಿದ್ದೇನೆ."

ಸರ್ವೋತ್ತಮ ಅಳುಮುಖ ಮಾಡಿಕೊಂಡು ಹೆಂಡತಿಯ ಕಡೆ ತಿರುಗಿದ. ದೀಕ್ಷಿತಾ ಅಳುತ್ತಿರಲಿಲ್ಲ. ಮೇಜಿನ ಸುತ್ತ ನೆರೆದಿದ್ದ ಆಸ್ವಾಲ್ಡ್, ವೆರೋನಿಕಾ, ಮರಿಯಮ್ ಬೀವಿ, ಮೇಲಿನ ಮಹಡಿಯವರು, ಕೆಳಗಿನ ಮಹಡಿಯವರು ಎಲ್ಲರನ್ನೂ ಅವಳು ಒಬ್ಬೊಬ್ಬರಾಗಿ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳ ಮುಖ ಅರಳಿತು.

"ನನ್ನ ಸೀಟು ಯಾರಿಗಾದ್ರೂ ಕೊಡಿ. ನೀವು ಇವರನ್ನೆಲ್ಲ ಕರ್ಕೊಂಡು ಹೋಗಿ ಬನ್ನಿ," ಎಂದಳು. "ನಾನು ಮನೆಯಲ್ಲೇ ಇರ್ತೇನೆ. ಗುರುತಿನವರು ಒಬ್ಬರೂ ಇರುದಿಲ್ಲ ಅಲ್ವಾ ಇಲ್ಲಿ?"